ಮೇಲುಗೈ

ಮೊದಲು ಆ ಸ್ಟಿಕ್ಕನ್ನು ಕೆಳಗಿಡು.
ಹಾವು ಹೊಡೆಯಲು ಬಂದವಳ ಹಾಗೆ ಹಿಡಿದಿದ್ದೀಯ.
ಕೂತುಕೋ. ಕೈ ತೋರಿಸು. ಎರಡೂ.

ಎಡಚಿ ಅಂತಾರಂತೆ ನಿನ್ನನ್ನು ಲೈನ್ ಮನೆಗಳಲ್ಲಿ.
ಅಮ್ಮತ್ತಿಯ ದಿನಸಿ ಅಂಗಡಿಯವನು
ನೀನು ಚಾಚಿದ ಹತ್ತರ ನೋಟು ಮುಟ್ಟದೆ
ಮೇಜಿನ ಮೇಲಿಡು ಅಂದನಂತೆ.
ಅದಕ್ಕೇ ನಿನ್ನೆಯಿಂದ ಒಂದೇ ಸಮ:
ಅಕ್ಕಾ, ಎಡಗೈಯವರ ಸ್ಟಿಕ್ ಸಿಗುತ್ತದಾ ಗೋಣಿಕೊಪ್ಪದಲ್ಲಿ?

ಸಿಗುವುದಿಲ್ಲ.
ಗೋಣಿಕೊಪ್ಪದಲ್ಲೂ ಇಲ್ಲ, ಜಲಂಧರದಲ್ಲೂ ಇಲ್ಲ.
ಇರುವುದೇ ಒಂದು ಬಗೆ,
ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಉಬ್ಬು,
ಅದರ ನೆತ್ತಿ ಹಿಡಿಯುವುದು ಎಡಗೈ.
ಎಲ್ಲರದೂ. ಊಟ ಯಾವ ಕೈಯಲ್ಲಿ ಮಾಡಿದರೂ.
ಗೋಲಿಗಳಿಬ್ಬರನ್ನು ಬಿಟ್ಟರೆ
ಈ ಮೈದಾನಕ್ಕಿಳಿದ ಇಪ್ಪತ್ತು ಜನವೂ
ಎಡಚರೇ, ಕುಂಞಿ.

ಈಗ ಹಿಡಿ.
ಎಡಗೈ ತುತ್ತತುದಿಯಲ್ಲಿ,
ಹೆಬ್ಬೆರಳು ತೋರುಬೆರಳ ನಡುವಿನ ಸಂದು ಅಂಚಿಗೆ ನೇರ.
ಬಲಗೈ ಒಂದು ಗೇಣು ಕೆಳಗೆ, ಟೇಪು ಮುಗಿಯುವ ಕಡೆ.
ಸಡಿಲ. ಇನ್ನೂ ಸಡಿಲ.
ತಿರುಗಿಸುವುದು ಎಡಗೈ,
ಬಲಗೈ ಬರೀ ಜೊತೆಗೆ ಬಂದ ನೆಂಟ.

ಗೊತ್ತಾಗಲಿಲ್ಲವಾ?
ನಿನ್ನವ್ವ ಚೋಮಿ ಮೆಣಸು ಕೊಯ್ಯುವುದನ್ನು ನೋಡಿದ್ದೀಯಲ್ಲ,
ಸಿಲ್ವರ್ ಮರಕ್ಕೆ ಆನಿಸಿದ ಒಂಟಿ ಬಿದಿರೇಣಿಯಲ್ಲಿ,
ಮೂವತ್ತಡಿ ಮೇಲೆ.
ಬಲಗೈ ಕೀಳುತ್ತದೆ, ಚೀಲಕ್ಕೆ ಹಾಕುತ್ತದೆ,
ಸಂಜೆ ರೈಟರ್ ತೂಕ ಬರೆಯುವುದು ಅದರದ್ದು.
ಮರ ಹಿಡಿದುಕೊಂಡಿದ್ದ ಎಡಗೈಯನ್ನು
ಯಾರೂ ತಕ್ಕಡಿಗೆ ಹಾಕಿಲ್ಲ.

ಡಿಫೆಂಡರ್ ಅಂದರೆ ಆ ಕೈ.

ಫಾರ್ವರ್ಡ್ ಓಡಿ ಬರುತ್ತಾಳೆ.
ಕಣ್ಣು ನೋಡಬೇಡ, ಕಣ್ಣು ಸುಳ್ಳು ಹೇಳುತ್ತದೆ, ಭುಜವೂ.
ಚೆಂಡು ನೋಡು.
ಎಡಗಾಲು ಮುಂದೆ, ಮೊಣಕಾಲು ಬಾಗಿರಲಿ,
ನಿನ್ನ ಬಲಕ್ಕೆ ಒಂದು ಓಣಿ ಬಿಡು
ಹಿತ್ತಿಲ ಬಾಗಿಲು ಹಾಕಲು ಮರೆತವಳ ಹಾಗೆ.
ಬರಲಿ.
ಇನ್ನೂ ಬರಲಿ.
ಆಗ ಬಲಗೈ ಬಿಡು.
ಹೌದು, ಬಿಡು ಅಂದೆ!
ಎಡಗೈ ಒಂದನ್ನೇ ಪೂರ್ತಿ ಚಾಚಿ, ಚುಚ್ಚಿ, ಹಿಂದಕ್ಕೆ,
ಕೆಂಡದಿಂದ ಗೆಣಸು ಎಳೆದುಕೊಂಡಷ್ಟು ಬೇಗ.
ತಡಮಾಡಿದೆಯೋ, ಅವಳ ಕಾಲು, ಸೀಟಿ, ಹಸಿರು ಕಾರ್ಡು.

ಅದೂ ತಪ್ಪಿದರೆ ಸ್ಟಿಕ್ಕನ್ನು ನೆಲಕ್ಕೆ ಮಲಗಿಸು,
ಕೋಳಿಮರಿಯೂ ನುಸುಳದ ಹಾಗೆ.
ಗೆಣ್ಣು ಸುಲಿಯುತ್ತದೆ.
ನೋಡಿಲ್ಲಿ, ಈ ಮೂರು ಕಲೆ
ಟರ್ಫು ಬರುವುದಕ್ಕೆ ಮೊದಲಿನವು, ಜಲ್ಲಿ ನೆಲದ ರುಜು.
ಮದುವೆಗೆ ಬಳೆ ತೊಡಿಸುತ್ತ ಅತ್ತೆ ಕೇಳಿದ್ದರು,
ಬಿದ್ದದ್ದಾ?
ಹೂಂ ಅಂದೆ. ವಿವರಿಸುತ್ತ ಕೂರುವುದು ಯಾರು.

*

ಭಾನುವಾರ, ನಾಪೋಕ್ಲು. ಒಂದು ಒಂದು.
ಇನ್ನೆರಡು ನಿಮಿಷ.
ಅವರ ಆ ಉದ್ದ ಜಡೆಯ ಹುಡುಗಿ ನಿನ್ನ ಓಣಿಗೇ ಬಂದಳು.
ನಾನು ಗೆರೆಯಾಚೆ ನಿಂತು ನನ್ನ ಬಲಗೈಯನ್ನು
ಸೆರಗಿನಲ್ಲಿ ಸುತ್ತಿಕೊಂಡಿದ್ದೆ.
ನೀನು ಬಿಟ್ಟೆ.

ಚೆಂಡು ಹಿಂದಿನ ಗೆರೆ ದಾಟಿತು. ಬರೀ ಲಾಂಗ್ ಕಾರ್ನರ್.
ಚಪ್ಪಾಳೆ ಬೀಳಲಿಲ್ಲ,
ಆಮೇಲೆ ಶೂಟೌಟಿನಲ್ಲಿ ಸೋತೆವು ಬೇರೆ.
ಸ್ಕೋರ್ ಹಾಳೆಯನ್ನು ಎರಡು ಸಲ ಓದಿದೆ,
ತಡೆದದ್ದಕ್ಕೆ ಅದರಲ್ಲಿ ಕಾಲಮ್ಮೇ ಇಲ್ಲ.

ವಾಪಸು ಪ್ರೈವೇಟ್ ಬಸ್ಸಿನಲ್ಲಿ
ಟಿಕೆಟ್ಟಿನ ದುಡ್ಡನ್ನು ನೀನು ಚಾಚಿದ್ದು ಎಡಗೈಯಲ್ಲೇ,
ಮರೆತೋ, ಬೇಕಂತಲೋ.
ಕಂಡಕ್ಟರ್ ತೆಗೆದುಕೊಂಡ.
ಗೆಣ್ಣಿನ ಮೇಲೆ ಇನ್ನೂ ಒಣಗದ ಕೆಂಪನ್ನು ನೋಡಿ
ಚಿಲ್ಲರೆ ಎಣಿಸುತ್ತ, ತಲೆ ಎತ್ತದೆ,
ಬ್ಯಾಕಾ? ಅಂದ.

ನೀನು ಏನಂದೆಯೋ ಕೇಳಿಸಲಿಲ್ಲ.
ಮೂರ್ನಾಡಿನಲ್ಲಿ ಜನ ಹತ್ತುತ್ತಿದ್ದರು.